ಬಾಗಿಲ ಬುಡಕ್ಕೊಂದು ಕಲ್ಲು

ನಿಮ್ಮ ಮನೆಯ ಮುಂಬಾಗಿಲಿನ ಚೌಕಟ್ಟನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಬೆರಳ ಗೆಣ್ಣಿನಿಂದ ಎಂದಾದರೂ ತಟ್ಟಿ ನೋಡಿದ್ದೀರಾ? ಗಟ್ಟಿಮರ ಗಟ್ಟಿ ಸದ್ದನ್ನೇ ಕೊಡುತ್ತದೆ. ಟೊಳ್ಳು ಸದ್ದು ಬಂದರೆ, ಮೇಲಿನ ಬಣ್ಣ ಎಷ್ಟೇ ಮಿರುಗುತ್ತಿರಲಿ, ಒಳಗೆ ಗೆದ್ದಲು ಸಂಸಾರ ಹೂಡಿರಬಹುದು.

ಕೊರಟಗೆರೆ ತಾಲ್ಲೂಕಿನ ಕೊಳಾಲದಲ್ಲಿರುವ ನಮ್ಮ ಹಿರಿಯರ ಮನೆಯ ಬಾಗಿಲು ಅಂಥ ಸದ್ದು ಕೊಟ್ಟಾಗ, ಇಡೀ ಚೌಕಟ್ಟನ್ನು ಕಿತ್ತು ಅಂಗಡಿಯಿಂದ ಸಿದ್ಧ ಬಾಗಿಲನ್ನೇ ತರೋಣವೆಂದು ಮನೆಯ ಕಿರಿಯರು ಹೇಳಿದರು. ಅಮ್ಮ ಒಪ್ಪಲಿಲ್ಲ. ಅವರು ಮದುವೆಯಾಗಿ ಬಂದಂದು ಒಳಗೆ ಕಾಲಿಟ್ಟದ್ದು ಆ ಬಾಗಿಲಿನಿಂದ. ಅಪ್ಪ ಕೊನೆಯ ಸಲ ಹೊರಗೆ ಹೋದದ್ದೂ ಅದರಿಂದಲೇ. ಮೇಲ್ಭಾಗದ ಹಲಸಿನ ಚೇಗು ಇನ್ನೂ ಕಬ್ಬಿಣದಂತಿತ್ತು. ಹಾಳಾಗಿದ್ದುದು ಕೆಳಗಿನ ಒಂದೂವರೆ ಗೇಣು ಮಾತ್ರ. ಅಷ್ಟಕ್ಕಾಗಿ ಇಡೀ ಚೌಕಟ್ಟನ್ನು ಒಲೆಗೆ ಹಾಕುವುದು ನನಗೂ ಸರಿಕಾಣಲಿಲ್ಲ.

ಹಿಂದೆ ಇಂಥ ಕೆಲಸಕ್ಕೆ ಊರ ಬಡಗಿಯಿದ್ದ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಆಯಗಾರನಾಗಿ ಆತ ರೈತರ ನೇಗಿಲು, ನೊಗ, ಬಂಡಿಗಳನ್ನು ನೋಡಿಕೊಳ್ಳುತ್ತಿದ್ದ. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಧಾನ್ಯ ಅವನಿಗೆ ಸಲ್ಲುತ್ತಿತ್ತು. (ಯೇಸುಸ್ವಾಮಿ ಬಡಗಿಯಾಗಿ ನೇಗಿಲು, ನೊಗಗಳನ್ನು ಮಾಡುತ್ತಿದ್ದರೆಂದು 2ನೇ ಶತಮಾನದ ಸಂತ ಜಸ್ಟಿನರು ಬರೆದಿದ್ದಾರೆ. ನಜರೇತಿನಲ್ಲೂ ನಮ್ಮ ಹಳ್ಳಿಗಳಲ್ಲೂ ಬಡಗಿಯ ಕೆಲಸ ಒಂದೇ ಆಗಿತ್ತು!) ಕಬ್ಬಿಣದ ನೇಗಿಲು ಬಂತು, ಟ್ರ್ಯಾಕ್ಟರ್ ಬಂತು, ಬಡಗಿಗಳ ಮಕ್ಕಳು ತುಮಕೂರು, ಬೆಂಗಳೂರು ಸೇರಿದರು. ಗೇಣುದ್ದದ ಮರ ಜೋಡಿಸಲು ಅಲ್ಲಿಂದ ಯಾರು ತಾನೇ ಬಂದಾರು? ಕೊನೆಗೆ ಮಗನೂ ನಾನೂ ಉಳಿ, ಗರಗಸ ಹಿಡಿದೆವು.

ಗೋಡೆಯ ಭಾರ ಚೌಕಟ್ಟಿನ ಮೇಲೆ ಕೂತಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಕೂತಿದ್ದರೆ ದಯವಿಟ್ಟು ನೀವು ಕೈಹಾಕಬೇಡಿ, ಎಷ್ಟು ದಿನ ಕಾದರೂ ಸರಿ, ಬಲ್ಲವರನ್ನೇ ಕರೆಯಿರಿ. ನಮ್ಮ ಮನೆಯಲ್ಲಿ ಆ ಭಾರವನ್ನು ಮೇಲಿನ ಕಲ್ಲುಚಪ್ಪಡಿ ಹೊತ್ತಿತ್ತು.

ಈ ಗೆದ್ದಲು ಮರದಲ್ಲಿ ಹುಟ್ಟುವುದಿಲ್ಲ, ಮಣ್ಣಿನಿಂದ ಏರಿಬರುತ್ತದೆ. ಅದಕ್ಕೆ ತೇವ ಬೇಕು, ನೆಲದ ನಂಟು ಬೇಕು. ಹಿಂದೊಮ್ಮೆ ಸಿಮೆಂಟು ಹಾಕಿ ನೆಲವನ್ನು ಎತ್ತರಿಸಿದಾಗ ಚೌಕಟ್ಟಿನ ಕಾಲುಗಳು ಅದರೊಳಗೆ ಹೂತುಹೋಗಿದ್ದವು. ಮರವೆಂಬುದು ನೀರೇರುವ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಅಡ್ಡ ಕೊಯ್ದ ತುದಿಯಲ್ಲಿ ಆ ಕೊಳವೆಗಳೆಲ್ಲ ಬಾಯ್ತೆರೆದಿರುತ್ತವೆ. ಆದ್ದರಿಂದಲೇ ಕೊಳೆತ ಮೊದಲು ಬುಡಕ್ಕೆ ತಗಲುತ್ತದೆ. ಔಷಧಿ ಸಿಂಪಡಿಸಿ ಬಣ್ಣ ಬಳಿದು ಕೈತೊಳೆದುಕೊಳ್ಳುವವರಿಗೆ ಇದು ಕಾಣುವುದಿಲ್ಲ.

ಬಲಗಾಲನ್ನು ಗಟ್ಟಿಮರ ಸಿಗುವವರೆಗೆ ಓರೆಯಾಗಿ ಕೊಯ್ದೆವು. ಓರೆ ಉದ್ದವಾದಷ್ಟೂ ಅಂಟು ಹಿಡಿಯುವ ಜಾಗ ಹೆಚ್ಚು. ಇಳಿಜಾರು ಹೊರಮುಖವಾಗಿರಬೇಕೆಂಬುದನ್ನು ಮರೆಯಬಾರದು. ಒಳಮುಖವಾದರೆ ಮಳೆನೀರು ನೇರವಾಗಿ ಜೋಡಣೆಯೊಳಕ್ಕೇ ಇಳಿಯುತ್ತದೆ. ಹೊಸ ತುಂಡಿಗೆ, ಹಿತ್ತಿಲಲ್ಲಿ ಗಾಳಿಗೆ ಬಿದ್ದು ನಾಲ್ಕು ವರ್ಷ ನೆರಳಲ್ಲಿ ಒಣಗಿದ್ದ ಬೇವು ಸಿಕ್ಕಿತು. ದಪ್ಪದ ಅಂಗುಲಕ್ಕೊಂದು ವರ್ಷ ಒಣಗಬೇಕೆಂಬುದು ಮರಗೆಲಸದ ಹಳೆಯ ಲೆಕ್ಕ. ನಮಗೆ ಬೇಕಿದ್ದುದು ಮೂರು ಅಂಗುಲ. ಹಸಿಮರ ಹಾಕಿದ್ದರೆ ಒಣಗುತ್ತಾ ಕುಗ್ಗಿ ಜೋಡಣೆ ಬಾಯಿಬಿಡುತ್ತಿತ್ತು. ಬೇವು ಕಹಿಯೆಂದು ಹುಳು ದೂರವಿರುತ್ತದೆ, ನಿಜ. ಆದರೂ ಹೊರಗಿನ ಬಿಳಿಮರವನ್ನು ನಂಬದೆ ಬಾಚಿಯಿಂದ ಕೆತ್ತಿ, ಚೇಗನ್ನಷ್ಟೇ ಉಳಿಸಿಕೊಂಡೆವು. ಅಂಟು ಹಚ್ಚಿ, ಬೈರಿಗೆಯಿಂದ ಎರಡು ತೂತು ಕೊರೆದು, ಮರದ ಗೂಟ ಬಡಿದೆವು. ಮೊಳೆಯಾದರೆ ತೇವಕ್ಕೆ ತುಕ್ಕು ಹಿಡಿಯುತ್ತದೆ.

ಅಂಟು ಹಚ್ಚುವ ಮುನ್ನವೇ ಕಾಲಿನ ಸುತ್ತಲ ಸಿಮೆಂಟನ್ನು ಒಡೆದು, ಅಂಗೈಯಗಲದ ಕಲ್ಲೊಂದನ್ನು ನೆಲಕ್ಕಿಂತ ಎರಡು ಬೆರಳು ಮೇಲೇಳುವಂತೆ ಕೂರಿಸಿದ್ದೆವು. ಈಗ ಮರಕ್ಕೂ ಮಣ್ಣಿಗೂ ನಡುವೆ ಕಲ್ಲಿದೆ. ಗೆದ್ದಲು ಏರಬೇಕೆಂದರೂ ಕಲ್ಲಿನ ಹೊರಮೈಯ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಬರಬೇಕು. ಕಸ ಗುಡಿಸುವಾಗ ಅಮ್ಮನ ಕಣ್ಣಿಗೆ ಅದು ಬೀಳದೆ ಇರದು.

ಹೊಸ ಬೇವಿಗೂ ಹಳೆಯ ಹಲಸಿಗೂ ಬಣ್ಣ ಹೊಂದುವುದಿಲ್ಲ. ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಬಣ್ಣ ಬಳಿಯೋಣವೆಂದರೆ ಅಮ್ಮ ಬೇಡವೆನ್ನುತ್ತಾರೆ. ಎಡಗಾಲಿನ ಬುಡವೂ ಸ್ವಲ್ಪ ಮೆತ್ತಗಾಗಿದೆ. ಅದಕ್ಕೆಂದು ತೆಗೆದಿಟ್ಟ ತುಂಡು ಅಟ್ಟದ ಮೇಲೆ ಇನ್ನೂ ಒಣಗುತ್ತಿದೆ.