ಎಂಆರ್‌ಪಿ ಪಕ್ಕದ ಸಣ್ಣಕ್ಷರ

ಈಗಷ್ಟೇ ದಿನಸಿ ತಗೊಂಡು ಬಂದೆ. ಚೀಲದಿಂದ ಒಂದೊಂದೇ ತೆಗೆದಿಡ್ತಾ ಎಂಆರ್‌ಪಿ ಪಕ್ಕದ ಪುಟ್ಟ ಸಾಲು ಓದ್ತಿದ್ದೆ: ಒಂದು ಗ್ರಾಂಗೆ ಇಷ್ಟು ರೂಪಾಯಿ ಅಂತ. ಇದನ್ನ ಹಾಕಬೇಕು ಅಂತ ಕಾನೂನೇ ಇದೆ, ಆದ್ರೆ ಅಂಗಡೀಲಿ ನೋಡೋರು ಕಡಿಮೆ. ದೊಡ್ಡ ಪ್ಯಾಕೇ ಅಗ್ಗ ಅಂದ್ಕೊಂಡು ಎತ್ಕೊಂಡ್‌ಬಿಡ್ತೀವಿ. ಎಷ್ಟೋ ಸಲ ಶಾಂಪೂ ಸ್ಯಾಶೆ ಬಾಟಲಿಗಿಂತ ಅಗ್ಗ ಬೀಳುತ್ತೆ! (ಪ್ಲಾಸ್ಟಿಕ್ ಕಸದ ಮಾತು ಬೇರೆ.)

ತೊಡಕು ಒಂದೇ. ಪ್ಯಾಕು ಕೆಜಿಗಿಂತ ಕಡಿಮೆ ಇದ್ರೆ ಗ್ರಾಂ ಲೆಕ್ಕ, ಜಾಸ್ತಿ ಇದ್ರೆ ಕೆಜಿ ಲೆಕ್ಕ. ಗ್ರಾಂಗೆ 0.32 ಅಂದ್ರೆ ಕೆಜಿಗೆ 320 ರೂಪಾಯಿ, ಸಾವಿರದಿಂದ ಗುಣಿಸಿದ್ರೆ ಆಯ್ತು. ತಿಂಗಳ ಸಾಮಾನಲ್ಲಿ ದುಡ್ಡು ಉಳಿಸೋಕೆ ಇದಕ್ಕಿಂತ ಸುಲಭದ ದಾರಿ ನಂಗಂತೂ ಕಾಣ್ತಿಲ್ಲ.

ನೀವು ನೋಡ್ತೀರಾ ಇದನ್ನ? ಯಾವ ಸಾಮಾನಲ್ಲಿ ಚಿಕ್ಕ ಪ್ಯಾಕೇ ಅಗ್ಗ ಸಿಕ್ಕಿದೆ, ಹೇಳಿ.