ಒತ್ತಿದರೆ ಒಂದು, ಬಿಟ್ಟರೆ ಸೊನ್ನೆ

ಕಾಲಿಂಗ್ ಬೆಲ್ಲಿನ ಬಟನ್ನಿಗೂ ಫ್ಯಾನಿನ ಸ್ವಿಚ್ಚಿಗೂ ಇರುವ ವ್ಯತ್ಯಾಸವನ್ನು ಯಾರೂ ನಮ್ಮನ್ನು ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಬೆಲ್ಲು ಬೆರಳಿದ್ದಷ್ಟು ಹೊತ್ತು ಕೂಗಿಕೊಳ್ಳುತ್ತದೆ, ಬೆರಳು ತೆಗೆದರೆ ಸುಮ್ಮನಾಗುತ್ತದೆ. ಫ್ಯಾನು ಹಾಗಲ್ಲ, ಒಮ್ಮೆ ಹಾಕಿ ನೀವು ಧರ್ಮಸ್ಥಳಕ್ಕೆ ಹೋಗಿ ಬಂದರೂ ತಿರುಗುತ್ತಲೇ ಇರುತ್ತದೆ. ಮಾತು ಬಾರದ ಮಗುವಿಗೂ ಗೊತ್ತಿರುವ ಈ ಸಂಗತಿ, ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ವೇದಿಕೆಯ ಮೇಲೆ ಸಂಗೀತ ನುಡಿಸುವವರ ತಲೆ ತಿನ್ನುತ್ತದೆ ಎಂದರೆ ನಂಬುವುದು ಕಷ್ಟ. ಹಗಲು ಹೊತ್ತು ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವ ನನ್ನನ್ನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಸ್ನೇಹಿತರೊಬ್ಬರು ರಾತ್ರಿ ಹೊತ್ತು ಈ ಕೆಲಸಕ್ಕೆ ಹಚ್ಚದಿದ್ದರೆ ನಾನೂ ನಂಬುತ್ತಿರಲಿಲ್ಲ.

“ಅಷ್ಟು ದೊಡ್ಡ ಲೆಕ್ಕಪತ್ರದ ಸಾಫ್ಟ್‌ವೇರೆಲ್ಲ ಬರೀತೀರ, ಒಂದು ಬಟನ್ ಮಾಡಿಕೊಡೋಕೆ ಏನು ಸಾರ್ ಕಷ್ಟ?” ಎಂದರು ಅವರು. ಲೆಕ್ಕಪತ್ರದಲ್ಲಿ ಎಡವಟ್ಟಾದರೆ ನಾಳೆ ತಿದ್ದಬಹುದು. ಗಣಪತಿ ಪೆಂಡಾಲಿನಲ್ಲಿ ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಸಂದಿಯಲ್ಲಿ ಬಟನ್ ಕೈಕೊಟ್ಟರೆ ತಿದ್ದಲು ನಾಳೆ ಎಲ್ಲಿಂದ ತರುವುದು?

ಈ ಸಂದಿಯ ಕಷ್ಟ ಗೊತ್ತಿದ್ದವರೇ ಇಂಥ ಸಾಫ್ಟ್‌ವೇರುಗಳನ್ನು ಮಾಡಿದ್ದಾರೆ ಅನ್ನುವುದು ಸಮಾಧಾನದ ಮಾತು. ಬರ್ಲಿನ್ನಿನ ಏಬಲ್‌ಟನ್ ಕಂಪನಿಯವರು 2001ರಲ್ಲಿ ‘ಲೈವ್’ ಹೊರತಂದಾಗ ಅದರ ಹಿಂದಿದ್ದ ಗೆರ್ಹಾರ್ಡ್ ಬೇಲೆಸ್ ಮತ್ತು ರಾಬರ್ಟ್ ಹೆಂಕೆ ಇಬ್ಬರೂ ‘ಮೊನೊಲೇಕ್’ ಎಂಬ ಹೆಸರಿನಲ್ಲಿ ಟೆಕ್ನೋ ಸಂಗೀತ ಕಟ್ಟಿದವರು. ಹೆಂಕೆಯಂತೂ ಅಂಗಡಿಯಲ್ಲಿ ಸಿಗುವ ಬಟನ್ನುಗಳು ಸಾಲದೆಂದು ‘ಮೊನೊಡೆಕ್’ ಎಂಬ ತನ್ನದೇ ಪೆಟ್ಟಿಗೆ ಮಾಡಿಕೊಂಡ ಮನುಷ್ಯ. ಲೈವ್‌ನಲ್ಲಿ ಒಂದು ಕ್ಲಿಪ್ಪನ್ನು, ಅಂದರೆ ಸಂಗೀತದ ತುಣುಕನ್ನು, ನುಡಿಸುವ ಬಟನ್ನಿಗೆ ನಾಲ್ಕು ಸ್ವಭಾವಗಳಿವೆ. ಟ್ರಿಗರ್ ಅಂದರೆ ಒತ್ತಿದ್ದಷ್ಟೇ ಲೆಕ್ಕ, ಬಿಟ್ಟಿದ್ದನ್ನು ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ. ಗೇಟ್ ನಮ್ಮ ಕಾಲಿಂಗ್ ಬೆಲ್ಲು. ಟಾಗಲ್ ಒಂದು ಸಲ ಒತ್ತಿದರೆ ಶುರು, ಇನ್ನೊಂದು ಸಲ ಒತ್ತಿದರೆ ನಿಲುಗಡೆ. ರಿಪೀಟ್ ಎಂಬ ನಾಲ್ಕನೆಯದು ಬೆರಳು ಹಿಡಿದಷ್ಟು ಹೊತ್ತು ಕ್ಲಿಪ್ಪನ್ನು ಮೊದಲಿಂದ ಮತ್ತೆ ಮತ್ತೆ ಎತ್ತಿಕೊಳ್ಳುತ್ತದೆ. ಅದನ್ನು ಡಿಜೆಗಳಿಗೆ ಬಿಟ್ಟುಬಿಡೋಣ.

ಬಟನ್ನಿನ ಈ ಜಾತಿಭೇದ ಬರ್ಲಿನ್ನಿಗಿಂತ ಹಳೆಯದು. ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಮಿಲ್ಲರ್ ಪಕೆಟ್ ಎಂಬಾತ ‘ಮ್ಯಾಕ್ಸ್’ ಎಂಬ ಪ್ರೋಗ್ರಾಂ ಬರೆದ. ಕಂಪ್ಯೂಟರಿನಿಂದ ಸ್ವರ ಹೊರಡಿಸಿದ ಮೊದಲಿಗರಲ್ಲಿ ಒಬ್ಬನಾದ ಮ್ಯಾಕ್ಸ್ ಮ್ಯಾಥ್ಯೂಸ್‌ನ ಹೆಸರನ್ನೇ ಅದಕ್ಕೆ ಇಟ್ಟದ್ದು. ಫಿಲಿಪ್ ಮನೂರಿ ಎಂಬ ಸಂಯೋಜಕ ಪಿಯಾನೋಗೆ ಬರೆದ ‘ಪ್ಲುಟಾನ್’ ಎಂಬ ಕೃತಿಗೆ ಅದು ಮೊದಮೊದಲು ಬಳಕೆಯಾಯಿತು. ಮ್ಯಾಕ್ಸ್‌ನಲ್ಲಿ ಪ್ರೋಗ್ರಾಂ ಬರೆಯುವುದೆಂದರೆ ಪರದೆಯ ಮೇಲೆ ಡಬ್ಬಿಗಳನ್ನಿಟ್ಟು ಗೆರೆ ಎಳೆದು ಸೇರಿಸುವುದು. ಅಲ್ಲಿ ‘ಬ್ಯಾಂಗ್’ ಎಂದರೆ ಬರೀ ಒಂದು ತಟ್ಟು, ಅದಕ್ಕೆ ಹಿಂದುಮುಂದಿಲ್ಲ, ನೆನಪಿಲ್ಲ. ‘ಟಾಗಲ್’ ಎಂದರೆ ಒಳಗೆ ಸೊನ್ನೆಯನ್ನೋ ಒಂದನ್ನೋ ಇಟ್ಟುಕೊಂಡು ಕೂತಿರುವ ಚೌಕ. ಬ್ಯಾಂಗ್ ಬಂದು ತಟ್ಟಿದಾಗಲೆಲ್ಲ ಟಾಗಲ್ ಮಗ್ಗಲು ಬದಲಿಸುತ್ತದೆ. ನನ್ನನ್ನು ಕೇಳಿದರೆ ಬಟನ್ ಶಾಸ್ತ್ರದ ಮುಕ್ಕಾಲು ಪಾಲು ಇಲ್ಲೇ ಮುಗಿಯಿತು: ನೆನಪಿಲ್ಲದ್ದೊಂದು, ನೆನಪಿದ್ದದ್ದೊಂದು. ಉಳಿದ ಕಾಲು ಪಾಲಿನಲ್ಲಿ ಜಗಳವೆಲ್ಲ ಇರುವುದು.

ಮೊದಲ ಜಗಳ ಬೆರಳಿನದು. ಬಟನ್ ಒತ್ತುವುದು ಒಂದು ಕೆಲಸ ಅಂತ ನಾವು ತಿಳಿದಿದ್ದೇವೆ. ಕಂಪ್ಯೂಟರಿನ ಪಾಲಿಗೆ ಅದು ಎರಡು ಸುದ್ದಿ: ಒತ್ತಿದಾಗ 127 ಎಂಬ ಸಂಖ್ಯೆ ಬರುತ್ತದೆ, ಬಿಟ್ಟಾಗ 0 ಬರುತ್ತದೆ. ಹೊಸದಾಗಿ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆಯುವವನು ‘ಸುದ್ದಿ ಬಂದಾಗ ಮಗ್ಗಲು ಬದಲಿಸು’ ಎಂದು ಬರೆದುಬಿಡುತ್ತಾನೆ. ಒತ್ತಿದಾಗ ಕೋರಸ್ ಬಂತು, ಬೆರಳೆತ್ತಿದಾಗ ಹೋಯಿತು. ‘ಬಂದ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ’ ಎಂಬ ಒಂದು ಷರತ್ತು ಮುಂದೆ ಸೇರಿಸಿದರೆ ಕಾಯಿಲೆ ವಾಸಿ. ಆದರೆ ಆ ಸಾಲು ಬರೆಯುವ ಮೊದಲು ಬಟನ್ ಕೆಟ್ಟಿದೆಯೆಂದು ಸ್ಕ್ರೂಡ್ರೈವರ್ ಹಿಡಿದವರಿದ್ದಾರೆ.

ಈ 127 ಎಲ್ಲಿಂದ ಬಂತು ಎಂದರೆ ಮಿಡಿ ಎಂಬ ಒಪ್ಪಂದದಿಂದ. ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಪರಸ್ಪರ ಮಾತಾಡಲೆಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರು ಕೂಡಿಸಿದ ಭಾಷೆ ಅದು. 1983ರಲ್ಲಿ ಒಂದು ಪ್ರದರ್ಶನದಲ್ಲಿ ಪ್ರಾಫೆಟ್-600ಕ್ಕೂ ರೋಲಂಡ್ ಜ್ಯುಪಿಟರ್-6ಕ್ಕೂ ತಂತಿ ಹಾಕಿ ಒಂದನ್ನು ನುಡಿಸಿದರೆ ಇನ್ನೊಂದು ನುಡಿಯುವುದನ್ನು ತೋರಿಸಿದರು. ಇಬ್ಬರಿಗೂ ಗ್ರ್ಯಾಮಿ ಬರಲು 2013 ಆಯಿತು. ಆ ಭಾಷೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ 0ಯಿಂದ 127ರವರೆಗಿನ ಅಂಕಿ. ಹೌದು-ಅಲ್ಲ ಎಂಬುದಕ್ಕೆ ಬೇರೆ ಮಾತೇ ಇಲ್ಲ. ಹಾಗಾಗಿ ಸ್ವರ ಹಿಡಿದಿಡುವ ಸಸ್ಟೇನ್ ಪೆಡಲ್ಲಿಗೆ ಒಂದು ಗಡಿ ಹಾಕಿದರು: 63ರವರೆಗೆ ಇಲ್ಲ, 64ರಿಂದ ಮೇಲೆ ಹೌದು. ‘ಗಿಗ್ ಪರ್ಫಾರ್ಮರ್’ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಪರದೆಯ ಮೇಲಿನ ಪ್ರತಿ ಬಟನ್ನಿಗೂ ಸೊನ್ನೆಯಿಂದ ಒಂದರ ನಡುವಿನ ದಶಮಾಂಶ ಬೆಲೆ. ಅಲ್ಲಿ ಸ್ಕ್ರಿಪ್ಟ್ ಬರೆಯುವಾಗ ‘ಅರ್ಧಕ್ಕಿಂತ ಹೆಚ್ಚಿದ್ದರೆ’ ಎಂದು ಕೇಳುವುದು ಕ್ಷೇಮ. ಭಾಗಾಕಾರ ಮಾಡಿ ನೋಡಿ: 64ನ್ನು 127ರಿಂದ ಭಾಗಿಸಿದರೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು, 63ನ್ನು ಭಾಗಿಸಿದರೆ ಕೂದಲೆಳೆಯಷ್ಟು ಕಡಿಮೆ. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡಿಬಂದಾಗ ನನಗೆ ಊಟ ಮಾಡಿದಷ್ಟು ಸಂತೋಷವಾಗುತ್ತದೆ. ಕೀಬೋರ್ಡ್ ಸ್ನೇಹಿತರಿಗೆ ಏನೂ ಆಗುವುದಿಲ್ಲ.

ಆದರೆ ಪೆಡಲ್ಲಿನ ಮೇಲಿರುವುದು ಕಾಲು, ಗಣಿತವಲ್ಲ. ಕೆಲವು ಪೆಡಲ್ಲುಗಳು ಎಷ್ಟು ತುಳಿದಿರಿ ಎಂಬುದನ್ನೂ ವರದಿ ಮಾಡುತ್ತವೆ. ಕಾಲು ಗಡಿಯ ಮೇಲೆ ನಡುಗಿದರೆ 63, 64, 63, 64 ಎಂದು ಸುದ್ದಿ ಸುರಿದು ಸ್ವರ ಬಿಕ್ಕಳಿಸತೊಡಗುತ್ತದೆ. ಇದಕ್ಕೆ ಮದ್ದು, ಗಡಿ ಒಂದರ ಬದಲು ಎರಡು: 80 ದಾಟಿದರೆ ಹೌದು, 40ಕ್ಕಿಂತ ಇಳಿದರೆ ಇಲ್ಲ, ನಡುವೆ ಇದ್ದರೆ ಹಿಂದೆ ಏನಿತ್ತೋ ಅದೇ. ವಿದ್ಯುತ್ ಸರ್ಕ್ಯೂಟಿನಲ್ಲಿ ಇದನ್ನು ಮಾಡಿದವನು ಅಮೆರಿಕದ ಓಟೊ ಸ್ಮಿಟ್. ವಿದ್ಯಾರ್ಥಿಯಾಗಿದ್ದಾಗ ಸ್ಕ್ವಿಡ್ಡಿನ ನರ ಹೇಗೆ ಮಿಡಿಯುತ್ತದೆಂದು ಅಭ್ಯಾಸ ಮಾಡುತ್ತ ಅವನಿಗೆ ಹೊಳೆದದ್ದಂತೆ. ಸ್ಕ್ವಿಡ್ ಅಂದರೆ ನಮ್ಮ ಮಂಗಳೂರು ಕಡೆಯವರ ಬೊಂಡಾಸ. ಸುಕ್ಕ ಮಾಡಿ ತಿನ್ನುವವರು ಕೋಟಿ ಜನ, ಅದರ ನರದಿಂದ ಸ್ವಿಚ್ ಕಲಿತವನು ಒಬ್ಬ.

ಹೌದು-ಅಲ್ಲಗಳ ಕುಲಗುರು ಮಾತ್ರ ಜಾರ್ಜ್ ಬೂಲ್. ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ 1815ರಲ್ಲಿ ಚಪ್ಪಲಿ ಹೊಲಿಯುವವನ ಮಗನಾಗಿ ಹುಟ್ಟಿ, ಕಾಲೇಜು ಮೆಟ್ಟಿಲು ಹತ್ತದೆ ಗಣಿತ ಕಲಿತು, ಕೊನೆಗೆ ಐರ್ಲೆಂಡಿನ ಕಾರ್ಕ್‌ನಲ್ಲಿ ಕಾಲೇಜಿಗೇ ಪ್ರೊಫೆಸರಾದವನು. ಅವನ ಹೆಂಡತಿ ಮೇರಿ, ನಮ್ಮ ದೇಶದ ಸರ್ವೇಯರ್ ಜನರಲ್ ಆಗಿದ್ದ, ಶಿಖರಕ್ಕೆ ಹೆಸರು ಕೊಟ್ಟ ಜಾರ್ಜ್ ಎವರೆಸ್ಟ್‌ನ ಅಣ್ಣನ ಮಗಳೋ ತಮ್ಮನ ಮಗಳೋ, ಅಂತೂ ಮನೆಯ ಹುಡುಗಿ. ಗಂಡನ ತರ್ಕಕ್ಕೆ ಭಾರತದ ಚಿಂತನೆಯ ಒಗ್ಗರಣೆ ಬಿದ್ದಿದೆ ಎಂದು ಆಕೆ ಮುಂದೆ ಜಗದೀಶಚಂದ್ರ ಬೋಸರಿಗೆ ಬರೆದಳು. ಕೇಳಲು ಹಿತವಾಗಿದೆ, ನಾನಂತೂ ಪೂರ್ತಿ ನಂಬಲು ಹೋಗಿಲ್ಲ. 1864ರಲ್ಲಿ ಬೂಲ್ ಮಳೆಯಲ್ಲಿ ನೆನೆಯುತ್ತ ನಡೆದುಹೋಗಿ ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ ಜ್ವರ ಹಿಡಿದು ತೀರಿಕೊಂಡ. ನೀರಿನಿಂದ ಬಂದದ್ದಕ್ಕೆ ನೀರೇ ಮದ್ದೆಂದು ಮೇರಿ ಅವನಿಗೆ ಒದ್ದೆ ಹೊದಿಕೆ ಹೊದಿಸಿದಳು ಎಂಬ ಕಥೆಯೂ ಇದೆ. ತರ್ಕಶಾಸ್ತ್ರಿಯ ಮನೆಯಲ್ಲೇ ಹೀಗಾದರೆ! ಅವನ ಬೀಜಗಣಿತ ವಿದ್ಯುತ್ ಸ್ವಿಚ್ಚುಗಳಿಗೂ ಒಪ್ಪುತ್ತದೆಂದು 1937ರಲ್ಲಿ ಕ್ಲಾಡ್ ಶಾನನ್ ತೋರಿಸಿದ ಮೇಲೆ ಬೂಲ್ ನಮ್ಮೆಲ್ಲರ ಜೇಬಿನೊಳಗೆ ಬಂದು ಕೂತ.

ಈಗ ಪೆಂಡಾಲಿಗೆ ವಾಪಸು. ಹಾಡುತ್ತಿರುವ ಗಾಯಕರ ಶ್ರುತಿ ಒಂದು, ಮುಂದಿನ ಹಾಡು ಹೇಳುವ ಗಾಯಕಿಯ ಶ್ರುತಿ ಇನ್ನೊಂದು. ಕೀಬೋರ್ಡಿನವರು ಬೆರಳಿಗೆ ರೂಢಿಯಾದ ಮನೆಗಳಲ್ಲೇ ನುಡಿಸುತ್ತಾರೆ, ಶ್ರುತಿ ಏರಿಸುವ ಇಳಿಸುವ ಕೆಲಸ ಟ್ರಾನ್ಸ್‌ಪೋಸ್ ಬಟನ್ನಿನದು. ಮಿಡಿ ಲೆಕ್ಕದಲ್ಲಿ 60ನೆಯ ಕೀ ಒತ್ತಿ ಹಿಡಿದಿದ್ದಾರೆ, ಎರಡು ಮನೆ ಏರಿಸಿಟ್ಟಿದ್ದರಿಂದ 62 ನುಡಿಯುತ್ತಿದೆ ಅನ್ನಿ. ಹಿಡಿದಿರುವಾಗಲೇ ಟ್ರಾನ್ಸ್‌ಪೋಸ್ ಸೊನ್ನೆಗೆ ತಂದರು. ಆಮೇಲೆ ಬೆರಳೆತ್ತಿದರು. ‘60 ನಿಲ್ಲಲಿ’ ಎಂಬ ಆಜ್ಞೆ ಹೋಯಿತು. ನುಡಿಯುತ್ತಿರುವುದು 62! ಅದನ್ನು ನಿಲ್ಲಿಸುವವರು ಯಾರೂ ಇಲ್ಲ. ಗಾಯಕಿ ಹೊಸ ಶ್ರುತಿಯಲ್ಲಿ ಆಲಾಪ ಎತ್ತಿಕೊಂಡಿದ್ದಾರೆ, ಹಿಂದೆ ಹಳೆ ಶ್ರುತಿಯ ಸ್ವರವೊಂದು ಬಿಡದೆ ಮೊರೆಯುತ್ತಿದೆ, ಮೃದಂಗದವರು ಕೀಬೋರ್ಡಿನವರ ಕಡೆ ತಿರುಗಿ ನೋಡುತ್ತಿದ್ದಾರೆ.

ಹಾಗಾಗದಂತೆ ಷರತ್ತು ಹಾಕಬೇಕು. ಸ್ನೇಹಿತರು ಹೇಳಿದ್ದು ಹೀಗೆ: “ಬೆರಳು, ಪೆಡಲ್ಲು ಎರಡೂ ಕೆಳಗಿರಬಾರದು ಸಾರ್, ಆಗ ಮಾತ್ರ ಶ್ರುತಿ ಬದಲಾಗಲಿ.” ಮನುಷ್ಯರಿಗೆ ಅರ್ಥವಾಗುತ್ತದೆ. ಇದನ್ನೇ ಹೇಳಿದಂತೆ ‘(ಬೆರಳು ಮತ್ತು ಪೆಡಲ್) ಅಲ್ಲ’ ಎಂದು ಆವರಣ ಹಾಕಿ ಬರೆದರೆ ಯಂತ್ರ ತಿಳಿಯುವುದೇ ಬೇರೆ: ಎರಡೂ ಒಟ್ಟಿಗೆ ಕೆಳಗಿಲ್ಲದಿದ್ದರೆ ಸಾಕು, ಒಂದು ಕೆಳಗಿದ್ದರೂ ಬಟನ್ ಓಡಿಬಿಡುತ್ತದೆ. ಬೇಕಾದದ್ದು ‘ಬೆರಳು ಇಲ್ಲ, ಮತ್ತು ಪೆಡಲ್ ಇಲ್ಲ’. ಆವರಣದ ಹೊರಗಿನ ‘ಅಲ್ಲ’ವನ್ನು ಒಳಗೆ ಹಂಚಿದರೆ ‘ಮತ್ತು’ ಇದ್ದದ್ದು ‘ಅಥವಾ’ ಆಗುತ್ತದೆ, ‘ಅಥವಾ’ ಇದ್ದದ್ದು ‘ಮತ್ತು’ ಆಗುತ್ತದೆ. ಈ ನಿಯಮಕ್ಕೆ ಡಿ ಮಾರ್ಗನ್ ಎಂಬುವನ ಹೆಸರಿದೆ. ಬೂಲ್‌ನ ಮಿತ್ರ, ಇಬ್ಬರ ತರ್ಕದ ಪುಸ್ತಕಗಳೂ 1847ರಲ್ಲೇ ಬಂದವು. ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ಎಲ್ಲಿ ಗೊತ್ತೆ? ಮಧುರೈಯಲ್ಲಿ, 1806ರಲ್ಲಿ. ಮೀನಾಕ್ಷಿಯ ಊರಿನಲ್ಲಿ ಹುಟ್ಟಿ ಹಸುಗೂಸಾಗಿದ್ದಾಗಲೇ ಹಡಗು ಹತ್ತಿದ. ಇನ್ನಷ್ಟು ವರ್ಷ ಇಲ್ಲೇ ಇದ್ದಿದ್ದರೆ ನಾಗಸ್ವರದವರ ಜೊತೆ ತಾಳ ಹಾಕುತ್ತ ಕೂತು ಈ ನಿಯಮ ಬೇರೆ ಯಾರದೋ ಪಾಲಾಗುತ್ತಿತ್ತೇನೋ.

ಷರತ್ತು ಸರಿಹೋಯಿತು, ಕಷ್ಟ ಮುಗಿಯಲಿಲ್ಲ. ಬೆರಳು ಕೆಳಗಿರುವಾಗ ಬಟನ್ ಒತ್ತಿದರೆ ಸ್ಕ್ರಿಪ್ಟ್ ಈಗ ಶಿಸ್ತಾಗಿ ‘ಇಲ್ಲ’ ಅನ್ನುತ್ತದೆ, ಅನ್ನುವುದು ಯಾರಿಗೂ ಕೇಳಿಸುವುದಿಲ್ಲ. ವಾದಕರು ಒತ್ತಿದ್ದು ಸಾಲದೇನೋ ಎಂದು ಇನ್ನೊಮ್ಮೆ ಒತ್ತುತ್ತಾರೆ. ಅಷ್ಟರಲ್ಲಿ ಬೆರಳು ಎದ್ದಿರುತ್ತದೆ, ಶ್ರುತಿ ಬದಲಾಗುತ್ತದೆ; ಗಾಬರಿಯಲ್ಲಿ ಮೂರನೆಯ ಸಲ ಒತ್ತಿಬಿಟ್ಟಿದ್ದರೆ ಮತ್ತೆ ಹಳೆಯದೇ. ನಿರಾಕರಿಸುವ ಬಟನ್ನಿಗಿಂತ ಕಾಯುವ ಬಟನ್ ಲೇಸು. ಕೋರಿಕೆಯನ್ನು ಬರೆದಿಟ್ಟುಕೊಂಡು ಷರತ್ತು ಕೂಡಿದ ಕ್ಷಣದಲ್ಲಿ ನೆರವೇರಿಸುವುದು. ಲೈವ್ ಮಾಡುವುದೂ ಇದನ್ನೇ. ನೀವು ಎಲ್ಲಿ ಬೇಕಾದರೂ ಒತ್ತಿ, ಬೇರೆ ಹೇಳದಿದ್ದರೆ ಅದು ಮುಂದಿನ ಬಾರ್, ಅಂದರೆ ತಾಳದ ಮುಂದಿನ ಆವರ್ತ, ಶುರುವಾಗುವವರೆಗೆ ಕಾದು ಕ್ಲಿಪ್ ಎತ್ತಿಕೊಳ್ಳುತ್ತದೆ, ಅಲ್ಲಿಯವರೆಗೆ ಬಟನ್ ಮಿಣುಕುತ್ತಿರುತ್ತದೆ. ಆ ಮಿಣುಕಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಹೌದೂ ಅಲ್ಲ, ಅಲ್ಲವೂ ಅಲ್ಲ, ‘ಕೇಳಿಸಿತು, ತಾಳಿ’ ಎಂಬ ಮೂರನೆಯ ಉತ್ತರ ಅದು. ಬೂಲ್ ಅದನ್ನು ಲೆಕ್ಕಕ್ಕೆ ತಂದಿರಲಿಲ್ಲ, ಸಂಗೀತಗಾರರಿಗೆ ಅದಿಲ್ಲದೆ ನಡೆಯುವುದಿಲ್ಲ.

ಕಾಯಲೇಬಾರದು ಅನ್ನುವ ಪಂಥವೂ ಇದೆ. 128 ಖಾನೆಗಳ ಒಂದು ಪಟ್ಟಿ ಇಟ್ಟು, ಯಾವ ಕೀ ಒತ್ತಿದಾಗ ಯಾವ ಸ್ವರ ಹೊರಟಿತೆಂದು ಬರೆದುಕೊಂಡು, ಬೆರಳೆತ್ತಿದಾಗ ಪಟ್ಟಿ ನೋಡಿ ಅದನ್ನೇ ನಿಲ್ಲಿಸಿದರೆ ಶ್ರುತಿ ಯಾವಾಗ ಬೇಕಾದರೂ ಬದಲಾಗಬಹುದು. ಪ್ರೋಗ್ರಾಂ ಬರೆಯುವವನ ಕಣ್ಣಿಗೆ ಇದೇ ಅಂದ. ಸ್ನೇಹಿತರು ಒಪ್ಪಲಿಲ್ಲ. ಪೆಡಲ್ ಹಿಡಿದ ಹಳೆಯ ಸ್ವರಗಳ ಮೇಲೆ ಹೊಸ ಶ್ರುತಿ ಬಂದು ಕೂತರೆ ಎರಡೂ ಕಲಸಿ ಗಾಯಕಿಗೆ ಆಧಾರ ಷಡ್ಜವೇ ಸಿಗುವುದಿಲ್ಲ ಎಂಬುದು ಅವರ ವಾದ. ಕಿವಿ ಅವರದು, ತೀರ್ಪೂ ಅವರದೇ. ಕಾಯುವ ಬಟನ್ನೇ ಉಳಿಯಿತು.

ಇನ್ನು ದೀಪದ ವಿಷಯ. ನೋವೇಶನ್ ಕಂಪನಿಯ ಲಾಂಚ್‌ಪ್ಯಾಡ್ ನೋಡಿದ್ದೀರಲ್ಲ, 64 ಚೌಕಗಳು ಬಣ್ಣಬಣ್ಣವಾಗಿ ಹೊಳೆಯುವ ಹಲಗೆ. ಒತ್ತಿದ್ದಕ್ಕೇ ಅದು ಹೊತ್ತಿಕೊಂಡಿತು ಎಂದು ನೋಡಿದವರ ಭಾವನೆ. ಹಾಗಲ್ಲ. ಚೌಕ ‘ಒತ್ತಿದರು’ ಎಂದು ಕಂಪ್ಯೂಟರಿಗೆ ಹೇಳುತ್ತದೆ, ‘ಹಾಗಾದರೆ ಹಸಿರಾಗು’ ಎಂದು ಕಂಪ್ಯೂಟರಿನ ಸ್ಕ್ರಿಪ್ಟ್ ತಿರುಗಿ ಹೇಳುತ್ತದೆ. ದೀಪ ಬೇರೆ, ಧ್ವನಿ ಬೇರೆ, ಎರಡಕ್ಕೂ ಗಂಟು ಹಾಕುವುದು ಬರೆದವನ ಪ್ರಾಮಾಣಿಕತೆ. ಕೆಲವು ಅಗ್ಗದ ಹಲಗೆಗಳು ಟಾಗಲ್ ನೆನಪನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ. ಸಾಫ್ಟ್‌ವೇರಿನಲ್ಲಿ ಇನ್ನೊಂದು ಟಾಗಲ್ ಇಟ್ಟಿರೋ, ಕೆಟ್ಟಿರಿ. ಸಾಫ್ಟ್‌ವೇರನ್ನು ಮೌಸಿನಿಂದ ಒಂದು ಸಲ ಮುಟ್ಟಿದರೆ ಸಾಕು, ಇವೆರಡೂ ಎದುರುಬದುರಾಗಿ ಹಲಗೆಯಲ್ಲಿ ದೀಪ ಉರಿಯುವಾಗ ಧ್ವನಿ ಇಲ್ಲ, ದೀಪ ಆರಿದಾಗ ಧ್ವನಿ ಎಂದಾಗುತ್ತದೆ, ರಾತ್ರಿಯೆಲ್ಲ ಹಾಗೇ ಇರುತ್ತದೆ. ನೆನಪು ಒಂದು ಕಡೆ ಮಾತ್ರ ಇರಬೇಕು, ಅದು ಕಂಪ್ಯೂಟರಿನಲ್ಲಿರಲಿ. ಹಲಗೆಯ ಬಟನ್ನುಗಳೆಲ್ಲ ನೆನಪಿಲ್ಲದ ಬ್ಯಾಂಗುಗಳಾಗಿ ಇರಲಿ ಎಂಬುದರಲ್ಲಿ ನಾನು ರಾಜಿಯಾಗುವವನಲ್ಲ.

ಇಷ್ಟೆಲ್ಲ ಷರತ್ತು ಕಟ್ಟಿದ ಮೇಲೂ ಯಾವ ಷರತ್ತೂ ಇಲ್ಲದ ಒಂದು ಬಟನ್ ಬೇಕೇಬೇಕು, ಅದರ ಹೆಸರು ಪ್ಯಾನಿಕ್. ಎಲ್ಲ ಸ್ವರಗಳೂ ನಿಲ್ಲಲಿ ಎಂಬುದಕ್ಕೆ ಮಿಡಿಯಲ್ಲಿ 123 ಎಂಬ ಆಜ್ಞೆಯಿದೆ, ಅದಕ್ಕೂ ಬಗ್ಗದಿದ್ದರೆ 120, ಸದ್ದೇ ಅಡಗಲಿ. ‘ನಿಜವಾಗಿಯೂ ನಿಲ್ಲಿಸಲೇ?’ ಎಂದು ಅದು ಕೇಳುವಂತಿಲ್ಲ, ಬೆರಳು ಎಲ್ಲಿದೆ ಪೆಡಲ್ ಎಲ್ಲಿದೆ ಎಂದು ನೋಡುವಂತಿಲ್ಲ. ಹಲಗೆಯ ಮಧ್ಯದಲ್ಲಿ ಕೆಂಪು ಚೌಕವಾಗಿ ಇಡೋಣ ಎಂದೆ. “ಬೇಡ ಸಾರ್, ಬಲಗಡೆ ಮೂಲೆಯಲ್ಲಿ ಕೊನೇದು ಮಾಡಿ, ಬಣ್ಣವೂ ಬೇಡ” ಎಂದರು ಸ್ನೇಹಿತರು. ಯಾಕೆಂದು ಕೇಳಿದ್ದಕ್ಕೆ, ಮಧ್ಯದಲ್ಲಿ ಕೆಂಪಗೆ ಏನಾದರೂ ಹೊಳೆದರೆ ಕಾರ್ಯಕ್ರಮ ಮುಗಿದ ಮೇಲೆ ಸೆಲ್ಫಿಗೆ ಬರುವ ಸಂಘದ ಅಧ್ಯಕ್ಷರು ಮೊದಲು ಒತ್ತುವುದು ಅದನ್ನೇ ಎಂದರು. ಕೆಲವು ಅಧ್ಯಕ್ಷರು ಕಾರ್ಯಕ್ರಮ ಮುಗಿಯುವವರೆಗೆ ಕಾಯುವುದೂ ಇಲ್ಲವಂತೆ.