ಅಳುವ ಗಾಲಿ

ಸೈಕಲ್ಲಿನ ವಿಷಯದಲ್ಲಿ ನಮಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲವೆಂದು ನಾವು ಬಹುಕಾಲ ನಂಬಿಕೊಂಡಿದ್ದೆವು. ಧಾರವಾಡದಲ್ಲಿ ತಂದೆಯವರ ಕರಿಯ ಸೈಕಲ್ಲನ್ನು ಒರಸಿ, ಎಣ್ಣೆ ಬಿಟ್ಟು, ಪಂಕ್ಚರು ತಿದ್ದಿ ಬೆಳೆದವರು ನಾವು. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆಗೆ ಬಂದು ನೆಲೆಸಿದ ಮೇಲಂತೂ ಈ ಹೆಮ್ಮೆ ಇನ್ನೂ ಬಲಿಯಿತು.

ಹೋದ ಮಳೆಗಾಲದಲ್ಲಿ ಮಗ ಬಂದು, "ಅಪ್ಪಾ, ಮುಂದಿನ ಬ್ರೇಕ್ ಹಿಡಿದರ ಗಾಲಿ ಅಳತದ" ಎಂದ. ನಾವು ಪತ್ರಿಕೆಯಿಂದ ತಲೆಯೆತ್ತದೆ, "ಮಳಿಯೊಳಗ ಎಲ್ಲಾ ಬ್ರೇಕೂ ಅಳತಾವ" ಎಂದೆವು. ರಿಮ್ಮು ಒದ್ದೆಯಾದರೆ ರಬ್ಬರು ಜಾರಿ, ನಡುಗಿ ಕೂಗುವುದು ನಿಜವೇ. ಆದರೆ ಹುಡುಗ ಹೇಳಿದ್ದು ಬಿಸಿಲು ಬಿದ್ದ ದಿನ.

ಎಂಟು ದಿನ ಕಳೆದು ಮೊಣಕಾಲು ಕೆತ್ತಿಕೊಂಡು ಮನೆಗೆ ಬಂದ. ನಮ್ಮ ಮನೆಯ ಹತ್ತಿರದ ಇಳಿಜಾರಿನಲ್ಲಿ ರಿಕ್ಷಾ ಒಂದು ಅಡ್ಡ ಬಂದಿತಂತೆ. ಹಿಂದಿನ ಗಾಲಿ ಜಾರಿ ಬಿದ್ದನಂತೆ. ಕೆದಕಿ ಕೇಳಿದರೆ, ಆ ಸದ್ದಿಗೆ ಗೆಳೆಯರು ನಗುತ್ತಾರೆಂದು ಮುಂದಿನ ಬ್ರೇಕನ್ನು ಮುಟ್ಟುವುದನ್ನೇ ಬಿಟ್ಟಿದ್ದಾನೆ! ಸೈಕಲ್ಲನ್ನು ನಿಲ್ಲಿಸುವ ಬಲವೆಲ್ಲ ಹೆಚ್ಚಾಗಿ ಮುಂದಿನ ಬ್ರೇಕಿನದೇ. ಹಿಡಿದೊಡನೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಗಾಲಿ ಹಗುರಾಗಿ ಜಾರುತ್ತದೆ. ಇದನ್ನು ಅವನಿಗೆ ಹೇಳಿಕೊಡಬೇಕಾದವರು ಪತ್ರಿಕೆ ಓದುತ್ತ ಕುಳಿತಿದ್ದೆವು.

ಭಾನುವಾರ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದೆವು. ಗಾಲಿ ತಿರುಗಿಸಿದರೆ ಸದ್ದಿಲ್ಲ. ಬ್ರೇಕು ಹಿಡಿದರೆ ಮಾತ್ರ ಕಿರ್ರೆನ್ನುತ್ತದೆ. ಬೇರಿಂಗಿನ ತಪ್ಪಾಗಿದ್ದರೆ ಬ್ರೇಕಿನ ಹಂಗಿಲ್ಲದೆ ಗೊಣಗುತ್ತಿತ್ತು. ಟಾಯರಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ನೋಡಿದೆವು. ಸುತ್ತಿಗೊಮ್ಮೆ, ಅದೂ ಒಂದೇ ಜಾಗದಲ್ಲಿ ಟಕ್ಕೆಂದರೆ ರಿಮ್ಮಿನಲ್ಲಿ ತಗ್ಗೋ ಬೆಸುಗೆಯ ಉಬ್ಬೋ ಇರಬೇಕು. ನಮ್ಮದು ಎಡೆಬಿಡದ ಅಳು. ನೇರ ನಿಲ್ಲಿಸಿ, ಬ್ರೇಕು ಬಿಗಿಹಿಡಿದು ಹಿಂದೆ ಮುಂದೆ ಜಗ್ಗಿದೆವು. ಹ್ಯಾಂಡಲಿನ ಬುಡದಲ್ಲಿ ಸಡಿಲವಿಲ್ಲ. ಇಲ್ಲಿಗೆ ನಮ್ಮ ಧಾರವಾಡದ ವಿದ್ಯೆ ಮುಗಿಯಿತು. ತಂದೆಯವರ ಸೈಕಲ್ಲಿಗೆ ಕಂಬಿಯ ಬ್ರೇಕು, ರಬ್ಬರು ರಿಮ್ಮನ್ನು ಒಳಗಿನಿಂದ ಒತ್ತುತ್ತಿತ್ತು. ಇದಕ್ಕೆ ತಂತಿಯ ಬ್ರೇಕು, ಎರಡೂ ಮಗ್ಗುಲಿನಿಂದ ಚಿವುಟುತ್ತದೆ. ರಬ್ಬರಿನ ಮುಂತುದಿ ಕೂದಲೆಳೆಯಷ್ಟು ಮೊದಲು ತಾಗುವಂತೆ ಓರೆ ಮಾಡಿದರೆ ಕೂಗು ನಿಲ್ಲುತ್ತದೆಂದು ಕೇಳಿದ್ದೆವು. ಹಿಂತುದಿಗೆ ಕಾಗದ ಮಡಿಸಿಟ್ಟು ಹಾಗೆಯೇ ಬಿಗಿದೆವು. ಅಳು ನಿಲ್ಲಲಿಲ್ಲ.

ಚಹಾ ತಂದ ನಮ್ಮಾಕೆ ಒಂದು ಗಳಿಗೆ ನಿಂತು ಕೇಳಿ, "ಅದು ರಬ್ಬರಿನ ಸದ್ದಲ್ಲರೀ. ಹಂಚು ಕೆರೆದಂಗ ಅದ" ಎಂದಳು.

ರಬ್ಬರನ್ನು ಬಿಚ್ಚಿಯೇ ನೋಡಬೇಕೆಂಬುದು ಅಷ್ಟುಹೊತ್ತು ನಮಗೆ ಹೊಳೆದಿರಲಿಲ್ಲ! ಬಿಚ್ಚಿದೆವು. ಮಳೆಯ ಮರಳು, ರಿಮ್ಮಿನಿಂದಲೇ ಕಿತ್ತ ಲೋಹದ ಚೂರುಗಳು ಎಳ್ಳಿನಂತೆ ಅದರಲ್ಲಿ ಹೂತು ಮಿನುಗುತ್ತಿದ್ದವು. ಮೇಲಿನ ಗೀರುಗಳೆಲ್ಲ ಸವೆದು ಒಂದು ತುದಿಯಲ್ಲಿ ಒಳಗಿನ ತಗಡೇ ಹೊರಬಿದ್ದಿತ್ತು. ರಿಮ್ಮಿನ ಮೇಲೆ ಉಗುರು ಸಿಕ್ಕುವಷ್ಟು ಗೆರೆ. ಆ ಗೋಡೆ ಸವೆದು ತೆಳುವಾದರೆ ಒಂದು ದಿನ ಗಾಳಿಯ ಒತ್ತಡಕ್ಕೇ ಸೀಳಬಹುದು.

ರಿಪೇರಿಯವನು "ಕಸಲಾ ಆವಾಜ್?" ಎಂದು ಕೇಳಿದ. ಇಪ್ಪತ್ತು ವರ್ಷ ಮರಾಠಿಯಲ್ಲಿ ವ್ಯವಹರಿಸಿದ ನಮಗೆ ಕಿರ್ರೆನ್ನುವುದಕ್ಕೆ ಮಾತು ಸಿಗಲಿಲ್ಲ. ನಮ್ಮಾಕೆಯ ಹಂಚನ್ನೇ ಮರಾಠಿಗೆ ತಿರುಗಿಸಿದೆವು. ಅವನಿಗೆ ಒಡನೆ ತಿಳಿಯಿತು. ರಿಮ್ಮಿನ ಮೇಲೆ ಹೆಬ್ಬೆರಳಾಡಿಸಿ, ಇನ್ನೂ ಬಾಳುತ್ತದೆಂದು ಹೇಳಿ, ಗೆರೆಯನ್ನು ಮರಳುಕಾಗದದಿಂದ ತಿಕ್ಕಿ ಹೊಸ ರಬ್ಬರು ಹಾಕಿಕೊಟ್ಟ.

ಸಂಜೆ ನಾವು ಇಳಿಜಾರಿನ ಬುಡದಲ್ಲಿ ನಿಂತೆವು. ಹುಡುಗ ಮೇಲಿನಿಂದ ಸದ್ದಿಲ್ಲದೆ ಇಳಿದು ಬಂದು ನಮ್ಮ ಮುಂದೆಯೇ ನಿಲ್ಲಿಸಿದ.

"ಯಾವ ಬ್ರೇಕ್ ಹಿಡಿದಿ?"

"ಎರಡೂ."

ನಂಬದೆ ಬಗ್ಗಿ ಮುಂದಿನ ರಿಮ್ಮನ್ನು ಮುಟ್ಟಿ ನೋಡಿದೆವು. ಬೆಚ್ಚಗಿತ್ತು.